ಹೆಚ್ಚು ಸಿಲಿಂಡರ್ ಇದ್ದರೆ ಹೆಚ್ಚು ಬಲವೇ? ದೊಡ್ಡ ಮಾದರಿ ವಿಮಾನಗಳ ಫೋರ್‌ಸ್ಟ್ರೋಕ್ ಎಂಜಿನ್ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಕುಂದಾಪುರದ ಶಾಸ್ತ್ರಿ ವೃತ್ತದಲ್ಲಿ ಬಸ್ಸಿಗೆ ಕಾಯುತ್ತ ನಿಂತವರಲ್ಲಿ ಕೆಲವರು ಹಿಂದಿನಿಂದ ಬರುವ ಬೈಕ್ ಯಾವುದೆಂದು ತಿರುಗಿ ನೋಡದೆಯೇ ಹೇಳಬಲ್ಲರು. ಒಂದೊಂದೇ ಪೆಟ್ಟು ಎಣಿಸುವಂತೆ ‘ಡಗ್ ಡಗ್’ ಎಂದರೆ ಬುಲೆಟ್. ಬಿಡುವಿಲ್ಲದೆ ‘ಪರ್ರ್’ ಎಂದು ನೀಲಿ ಹೊಗೆ ಬಿಟ್ಟು ಹೋದರೆ ಒಂದು ಕಾಲದಲ್ಲಿ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ. ಮೊದಲನೆಯದು ಫೋರ್‌ಸ್ಟ್ರೋಕ್, ಎರಡನೆಯದು ಟೂಸ್ಟ್ರೋಕ್. ಎರಡಕ್ಕೂ ಇರುವುದು ಒಂದೇ ಸಿಲಿಂಡರ್. ಆದರೂ ಸದ್ದು ಬೇರೆ.

ರಿಮೋಟ್‌ನಲ್ಲಿ ಹಾರುವ ದೊಡ್ಡ ಮಾದರಿ ವಿಮಾನಗಳ ಲೋಕದಲ್ಲೂ ಇದೇ ಸದ್ದಿನ ಮೋಹ ಇದೆ. ಎರಡು, ಮೂರು, ಐದು, ಏಳು ಸಿಲಿಂಡರುಗಳ ಪುಟ್ಟ ಫೋರ್‌ಸ್ಟ್ರೋಕ್ ಎಂಜಿನ್‌ಗಳ ವಿಡಿಯೋ ನೋಡಿದವರಿಗೆ ಅದರ ಆಸೆ ಹುಟ್ಟುವುದು ಸಹಜ. ಬೆಲೆ ಮಾತ್ರ ಆಟಿಕೆಯದ್ದಲ್ಲ, ಹಲವು ಎಂಜಿನ್‌ಗಳದ್ದು ಲಕ್ಷ ರೂಪಾಯಿ ದಾಟುತ್ತದೆ. ಇಷ್ಟು ಹಣ ಹಾಕುವವರು ಸಾಮಾನ್ಯವಾಗಿ ನಂಬಿಕೊಂಡಿರುವ ಮಾತು ಒಂದಿದೆ: ‘ಸಿಲಿಂಡರ್ ಹೆಚ್ಚಿದಷ್ಟೂ ಬಲ ಹೆಚ್ಚು.’ ಇದು ನಿಜವೇ? ನೋಡೋಣ ಬನ್ನಿ.

ಫೋರ್‌ಸ್ಟ್ರೋಕ್ ಎಂದರೇನು?

ಪೆಟ್ರೋಲ್ ಎಂಜಿನ್ ಮಾಡುವ ಕೆಲಸ ನಾಲ್ಕು: ಗಾಳಿ ಮತ್ತು ಇಂಧನವನ್ನು ಒಳಗೆ ಎಳೆದುಕೊಳ್ಳುವುದು, ಅದುಮುವುದು, ಉರಿಸುವುದು, ಹೊಗೆಯನ್ನು ಹೊರಹಾಕುವುದು. ಈ ನಾಲ್ಕಕ್ಕೂ ಪಿಸ್ಟನ್ನಿನ ಒಂದೊಂದು ಓಟವನ್ನು ಮೀಸಲಿಟ್ಟರೆ ಅದು ಫೋರ್‌ಸ್ಟ್ರೋಕ್. ಇದರಲ್ಲಿ ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಿಲಿಂಡರ್ ಒಮ್ಮೆ ಮಾತ್ರ ಉರಿಯುತ್ತದೆ. ಟೂಸ್ಟ್ರೋಕ್ ಇದನ್ನೆಲ್ಲ ಎರಡೇ ಓಟದಲ್ಲಿ ಮುಗಿಸುವುದರಿಂದ ಪ್ರತಿ ಸುತ್ತಿಗೂ ಉರಿಯುತ್ತದೆ.

ಹಾಗಾದರೆ ಟೂಸ್ಟ್ರೋಕಿಗೆ ದುಪ್ಪಟ್ಟು ಬಲ ಇರಬೇಕಲ್ಲವೇ? ಅಷ್ಟು ಇರುವುದಿಲ್ಲ. ಅದರಲ್ಲಿ ಹೊಸ ಮಿಶ್ರಣದ ಒಂದು ಪಾಲು ಉರಿಯುವ ಮೊದಲೇ ಹೊಗೆಯ ಜೊತೆ ಹೊರಗೆ ಹೋಗಿಬಿಡುತ್ತದೆ. ಹಾಗಿದ್ದರೂ ಒಂದೇ ಗಾತ್ರದ ಎಂಜಿನ್‌ಗಳನ್ನು ಹೋಲಿಸಿದರೆ ಟೂಸ್ಟ್ರೋಕ್ ಹಗುರ, ಸರಳ, ಬಲಶಾಲಿ. ಉದಾಹರಣೆಗೆ, ಮಾದರಿ ವಿಮಾನಗಳಲ್ಲಿ ಬಹಳ ಬಳಕೆಯಲ್ಲಿರುವ 55 ಸಿಸಿಯ ಒಂದು ಸಿಲಿಂಡರಿನ ಟೂಸ್ಟ್ರೋಕ್ ಪೆಟ್ರೋಲ್ ಎಂಜಿನ್ ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ, ಸುಮಾರು 5 ಅಶ್ವಶಕ್ತಿ ಕೊಡುತ್ತದೆ. ಹೆಚ್ಚುಕಡಿಮೆ ಇದೇ ಗಾತ್ರದ ಮೂರು ಸಿಲಿಂಡರಿನ ಫೋರ್‌ಸ್ಟ್ರೋಕ್ ಇದಕ್ಕಿಂತ ಹೆಚ್ಚು ತೂಗುತ್ತದೆ, ಇದಕ್ಕಿಂತ ಕಡಿಮೆ ಬಲ ಕೊಡುತ್ತದೆ.

ಮಾದರಿ ವಿಮಾನಗಳಿಗೆ ಫೋರ್‌ಸ್ಟ್ರೋಕ್ ಹೊಸದೇನಲ್ಲ. ಜಪಾನಿನ ಒಸಾಕಾದ ಓಎಸ್ ಕಂಪನಿ 1976ರಲ್ಲಿ ಎಫ್‌ಎಸ್-60 ಎಂಬ ಎಂಜಿನ್ ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಸೈಟೋ ಕಂಪನಿಯೂ ಬಂತು. ಆಮೇಲೆ ಇವರಿಬ್ಬರೂ ಹಲವು ಸಿಲಿಂಡರಿನ ಎಂಜಿನ್‌ಗಳನ್ನೂ ಮಾಡಿದರು.

ಒಂದನ್ನು ಮೂರು ಮಾಡಿದರೆ ಬಲ ಹೆಚ್ಚುವುದೇ?

ಒಂದು ಸೇರು ಅಕ್ಕಿಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿದರೂ, ಮೂರು ಪಾತ್ರೆಗಳಿಗೆ ಹಂಚಿ ಬೇಯಿಸಿದರೂ ಅನ್ನ ಅಷ್ಟೇ. ಎಂಜಿನ್ ಕಥೆಯೂ ಹೀಗೆಯೇ. ಬಲವನ್ನು ನಿರ್ಧರಿಸುವುದು ಒಟ್ಟು ಎಷ್ಟು ಸಿಸಿ, ಒಳಗಿನ ಒತ್ತಡ ಎಷ್ಟು, ನಿಮಿಷಕ್ಕೆ ಎಷ್ಟು ಬಾರಿ ಉರಿಯುತ್ತದೆ ಎಂಬ ಸಂಗತಿಗಳು. 60 ಸಿಸಿಯ ಒಂದು ಸಿಲಿಂಡರನ್ನು 20 ಸಿಸಿಯ ಮೂರಾಗಿ ಹಂಚಿದರೆ ಒಳಗೆ ಹೋಗುವ ಗಾಳಿಯೂ ಇಂಧನವೂ ಹೆಚ್ಚುವುದಿಲ್ಲ.

ಬದಲಿಗೆ ನಷ್ಟ ಸ್ವಲ್ಪ ಹೆಚ್ಚುತ್ತದೆ. ಮೂರು ಪುಟ್ಟ ಸಿಲಿಂಡರುಗಳ ಗೋಡೆಗಳ ಒಟ್ಟು ವಿಸ್ತೀರ್ಣ ಅದೇ ಆಕಾರದ ಒಂದು ದೊಡ್ಡ ಸಿಲಿಂಡರಿನದ್ದಕ್ಕಿಂತ ಸುಮಾರು ಶೇ. 44ರಷ್ಟು ಜಾಸ್ತಿ. ಅಷ್ಟು ಹೆಚ್ಚಿನ ಗೋಡೆಯ ಮೂಲಕ ಬಿಸಿ ಹೊರಗೆ ಸೋರಿಹೋಗುತ್ತದೆ. ಉಜ್ಜುವ ಭಾಗಗಳೂ ಹೆಚ್ಚು: ಮೂರು ಪಿಸ್ಟನ್, ಆರು ವಾಲ್ವ್, ಆರು ತಳ್ಳುಕಡ್ಡಿ.

ರೇಸ್ ಬೈಕುಗಳಲ್ಲಿ ನಾಲ್ಕು ಸಿಲಿಂಡರ್ ಯಾಕೆ ಇಡುತ್ತಾರೆ ಎಂದು ನೀವು ಕೇಳಬಹುದು. ಪುಟ್ಟ ಪಿಸ್ಟನ್ ಹಗುರವಾದ್ದರಿಂದ ಬಹಳ ವೇಗವಾಗಿ ಓಡಬಲ್ಲದು. ನಿಮಿಷಕ್ಕೆ 15,000 ಸುತ್ತು ತಿರುಗಿಸಿ, ಗೇರ್ ಹಾಕಿ ಇಳಿಸಿಕೊಂಡರೆ ಬಲ ಸಿಗುತ್ತದೆ. ಮಾದರಿ ವಿಮಾನದಲ್ಲಿ ಸಾಮಾನ್ಯವಾಗಿ ಗೇರ್ ಇರುವುದಿಲ್ಲ, ಪ್ರೊಪೆಲ್ಲರ್ ನೇರವಾಗಿ ಎಂಜಿನ್ನಿಗೇ ಬಿಗಿದಿರುತ್ತದೆ. 24 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ ಸುಮಾರು 690 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅದಕ್ಕೂ ಮೇಲೆ ಹೋದಂತೆ ಸದ್ದು ಹೆಚ್ಚುತ್ತದೆ, ಎಳೆತ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಅಂದರೆ ರೇಸ್ ಬೈಕಿಗೆ ಸಿಗುವ ಲಾಭ ಇಲ್ಲಿ ಸಿಗದು.

ಹಾಗಾದರೆ ಇಷ್ಟೊಂದು ಸಿಲಿಂಡರ್ ಯಾಕೆ?

ಮೂರು ಒಳ್ಳೆಯ ಕಾರಣಗಳಿವೆ.

ಮೊದಲನೆಯದು, ನಡುಕ. ಒಂದು ಸಿಲಿಂಡರಿನ ಫೋರ್‌ಸ್ಟ್ರೋಕ್ ಎರಡು ಸುತ್ತಿಗೆ ಒಂದು ದೊಡ್ಡ ಏಟು ಕೊಡುತ್ತದೆ. ಮೂರು ಸಿಲಿಂಡರ್ ಇದ್ದರೆ ಪ್ರತಿ 240 ಡಿಗ್ರಿಗೆ, ಐದಿದ್ದರೆ ಪ್ರತಿ 144 ಡಿಗ್ರಿಗೆ ಒಂದು ಸಣ್ಣ ಏಟು. ಇನ್ನು ಎದುರುಬದುರಾಗಿ ಮಲಗಿದ ಎರಡು ಸಿಲಿಂಡರುಗಳ ಎಂಜಿನ್ನಿನಲ್ಲಿ ಎರಡು ಪಿಸ್ಟನ್‌ಗಳೂ ಒಟ್ಟಿಗೇ ಹೊರಗೆ, ಒಟ್ಟಿಗೇ ಒಳಗೆ ಓಡುತ್ತವೆ. ಒಂದರ ತಳ್ಳಾಟವನ್ನು ಇನ್ನೊಂದು ಸರಿದೂಗಿಸುತ್ತದೆ. ನಡುಕ ಕಡಿಮೆಯಾದರೆ ಮರದ ಬೆಸುಗೆ ಬಿಡುವುದಿಲ್ಲ, ಸ್ಕ್ರೂ ಸಡಿಲವಾಗುವುದಿಲ್ಲ, ರಿಸೀವರ್ ಮತ್ತು ಸರ್ವೋಗಳು ಹೆಚ್ಚು ಕಾಲ ಬಾಳುತ್ತವೆ.

ಎರಡನೆಯದು, ದೊಡ್ಡ ಪ್ರೊಪೆಲ್ಲರ್. ಹಳೆಯ ಯುದ್ಧವಿಮಾನಗಳ ಮೂತಿ ದೊಡ್ಡ ಡಬ್ಬದಂತೆ ಅಗಲ. ಅಂಥ ಮಾದರಿಗೆ ಚಿಕ್ಕ ಪ್ರೊಪೆಲ್ಲರ್ ಹಾಕಿದರೆ ಅದು ತಳ್ಳುವ ಗಾಳಿಯ ದೊಡ್ಡ ಪಾಲು ಮೂತಿಗೇ ಬಡಿದು ವ್ಯರ್ಥವಾಗುತ್ತದೆ. ನಿಧಾನವಾಗಿ, ನೆಮ್ಮದಿಯಿಂದ ದೊಡ್ಡ ಪ್ರೊಪೆಲ್ಲರ್ ತಿರುಗಿಸುವುದು ಫೋರ್‌ಸ್ಟ್ರೋಕಿನ ಗುಣ.

ಮೂರನೆಯದು, ಸದ್ದು ಮತ್ತು ಚೆಂದ. ಇದನ್ನು ಕಡೆಗಣಿಸಬೇಕಿಲ್ಲ. ಹವ್ಯಾಸದಲ್ಲಿ ಸಂತೋಷವೂ ಒಂದು ಕಾರಣವೇ.

ಪರಶುರಾಮನ ಸದ್ದು, ಐದೇ ಸಿಲಿಂಡರಿನಲ್ಲಿ

ಸದ್ದಿನ ಲೆಕ್ಕ ಸ್ವಲ್ಪ ಸ್ವಾರಸ್ಯವಾಗಿದೆ. 2018ರ ಮೇ ತಿಂಗಳಲ್ಲಿ ಭಾರತೀಯ ವಾಯುಪಡೆಗೆ ದುರಸ್ತಿಗೊಂಡ ಹಳೆಯ ಡಕೋಟಾ ವಿಮಾನವೊಂದು ಸೇರಿತು. ಅದಕ್ಕಿಟ್ಟ ಹೆಸರು ‘ಪರಶುರಾಮ’. ಪರಶುರಾಮ ಸೃಷ್ಟಿ ಎಂದೇ ಹೇಳಿಕೊಳ್ಳುವ ನಮ್ಮ ಕರಾವಳಿಯವರಿಗೆ ಈ ಹೆಸರು ಆಪ್ತ. ಅದರ ಎರಡು ಎಂಜಿನ್‌ಗಳಲ್ಲಿ ತಲಾ 14 ಸಿಲಿಂಡರ್, ಏಳೇಳರ ಎರಡು ಸುತ್ತು. ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಒಂದು ಎಂಜಿನ್ ಸೆಕೆಂಡಿಗೆ ಸುಮಾರು 233 ಬಾರಿ ಉರಿಯುತ್ತದೆ.

ಈಗ ಐದು ಸಿಲಿಂಡರಿನ ಮಾದರಿ ಎಂಜಿನ್ ತೆಗೆದುಕೊಳ್ಳಿ. ಅದು ನಿಮಿಷಕ್ಕೆ 5,600 ಸುತ್ತು ತಿರುಗಿದರೆ ಎಷ್ಟು ಬಾರಿ ಉರಿಯುತ್ತದೆ? ಅದೂ ಸೆಕೆಂಡಿಗೆ ಸುಮಾರು 233 ಬಾರಿ! ಅಂದರೆ 14 ಸಿಲಿಂಡರಿನ ಲಯ ಪಡೆಯಲು 14 ಸಿಲಿಂಡರ್ ಬೇಕಿಲ್ಲ. ಮಾದರಿ ಎಂಜಿನ್ ವೇಗವಾಗಿ ತಿರುಗುವುದರಿಂದ ಕಡಿಮೆ ಸಿಲಿಂಡರಿನಲ್ಲೇ ಅದೇ ಲಯ ಸಿಗುತ್ತದೆ. ಸದ್ದಿನ ಗಾಂಭೀರ್ಯ ಬೇರೆಯೇ ಇರುತ್ತದೆ ಎನ್ನುವುದೂ ನಿಜ. 30 ಲೀಟರಿನ ಎಂಜಿನ್ನಿನ ಎದೆಗೆ ಬಡಿಯುವ ಸದ್ದು 100 ಸಿಸಿಯಿಂದ ಬಾರದು.

ನಕ್ಷತ್ರದಂತೆ ಸುತ್ತ ಸಿಲಿಂಡರ್ ಜೋಡಿಸಿದ ಇಂಥ ಎಂಜಿನ್ನಿಗೆ ರೇಡಿಯಲ್ ಎನ್ನುತ್ತಾರೆ. ಒಂದು ಸುತ್ತಿನಲ್ಲಿ ಯಾವಾಗಲೂ 3, 5, 7, 9 ಹೀಗೆ ಬೆಸ ಸಂಖ್ಯೆಯೇ ಏಕೆ? ಐದು ಸಿಲಿಂಡರಿನದ್ದರಲ್ಲಿ ಉರಿಯುವ ಕ್ರಮ 1-3-5-2-4. ಒಂದನ್ನು ಬಿಟ್ಟು ಇನ್ನೊಂದು. ಎರಡು ಸುತ್ತು ಮುಗಿಯುವಾಗ ಐದೂ ಸಮ ಅಂತರದಲ್ಲಿ ಉರಿದಿರುತ್ತವೆ. ನಾಲ್ಕಿದ್ದರೆ 1, 3 ಆದ ಮೇಲೆ ಮತ್ತೆ 1ಕ್ಕೇ ಬಂದು ನಿಲ್ಲುತ್ತೇವೆ. 2 ಮತ್ತು 4ಕ್ಕೆ ಸರದಿಯೇ ಬರುವುದಿಲ್ಲ.

ಎಚ್‌ಟಿ-2 ಮಾದರಿಗೆ ಎಷ್ಟು ಬಲ ಬೇಕು?

ಒಂದು ನಿಜವಾದ ವಿಮಾನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. ರೆಕ್ಕೆಯ ಹರವು ಸುಮಾರು 10.7 ಮೀಟರ್, ಹಾರುವಾಗಿನ ತೂಕ ಸುಮಾರು 1,016 ಕೆ.ಜಿ., ಎಂಜಿನ್ ನಾಲ್ಕು ಸಿಲಿಂಡರಿನದ್ದು, 155 ಅಶ್ವಶಕ್ತಿ.

ಇದರ ನಾಲ್ಕನೇ ಒಂದು ಅಳತೆಯ ಮಾದರಿ ಮಾಡಿದರೆ ರೆಕ್ಕೆ ಸುಮಾರು 2.7 ಮೀಟರ್. ಉದ್ದ, ಅಗಲ, ಎತ್ತರ ಮೂರೂ ಕಾಲುಭಾಗವಾದ್ದರಿಂದ ತೂಕ 64ರಲ್ಲಿ ಒಂದು ಭಾಗ, ಅಂದರೆ ಸುಮಾರು 16 ಕೆ.ಜಿ. ಸಹಜವಾಗಿ ಕಾಣುವ ಹಾರಾಟದ ವೇಗ ಅರ್ಧದಷ್ಟು. ತೂಕ 64ನೇ ಒಂದು, ವೇಗ ಎರಡನೇ ಒಂದು ಆದಾಗ ಬೇಕಾದ ಬಲ 128ನೇ ಒಂದು ಭಾಗ. 155ನ್ನು 128ರಿಂದ ಭಾಗಿಸಿದರೆ ಬರುವುದು ಸುಮಾರು 1.2 ಅಶ್ವಶಕ್ತಿ ಮಾತ್ರ!

ಪುಟ್ಟ ರೆಕ್ಕೆ ಮತ್ತು ಪುಟ್ಟ ಪ್ರೊಪೆಲ್ಲರುಗಳ ದಕ್ಷತೆ ಕಡಿಮೆ, ಮೇಲೇರಲು ಒಂದಿಷ್ಟು ಬಲ ಕೈಯಲ್ಲಿರಬೇಕು. ಹಾಗಾಗಿ ಇದರ ಎರಡು ಮೂರು ಪಟ್ಟು ಇಟ್ಟುಕೊಳ್ಳೋಣ. ಆಗಲೂ ಎರಡು ಸಿಲಿಂಡರಿನ ಮಧ್ಯಮ ಗಾತ್ರದ ಫೋರ್‌ಸ್ಟ್ರೋಕ್ ಸಾಕಾಗುತ್ತದೆ. ಸದ್ದಿನಲ್ಲೂ ಮೋಸವಿಲ್ಲ. ಅಸಲಿ ನಾಲ್ಕು ಸಿಲಿಂಡರ್ 2,300 ಸುತ್ತಿನಲ್ಲಿ ಕೊಡುವ ಲಯವನ್ನೇ ಎರಡು ಸಿಲಿಂಡರ್ 4,600 ಸುತ್ತಿನಲ್ಲಿ ಕೊಡುತ್ತದೆ. ಲಕ್ಷ ರೂಪಾಯಿ ಕೊಡುವ ಮೊದಲು ಈ ಲೆಕ್ಕವನ್ನು ಒಂದು ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು.

ಘಟ್ಟ ಇಳಿದು ಬಂದ ಎಂಜಿನ್ ಯಾಕೆ ಬಿಸಿಯಾಗುತ್ತದೆ?

ಇದು ನಮ್ಮ ರಾಜ್ಯದವರು ವಿಶೇಷವಾಗಿ ತಿಳಿದಿರಬೇಕಾದ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಅಲ್ಲಿ ಹದಗೊಳಿಸಿದ ಎಂಜಿನ್ನನ್ನು ಕುಂದಾಪುರಕ್ಕೋ ಬೈಂದೂರಿಗೋ ತಂದು ಹಾಗೆಯೇ ಹಾರಿಸಿದರೆ, ಒಳಗೆ ಹೋಗುವ ಗಾಳಿ ಹೆಚ್ಚುತ್ತದೆ, ಇಂಧನ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಮಿಶ್ರಣದಲ್ಲಿ ಇಂಧನ ಕಡಿಮೆಯಾಗುತ್ತದೆ.

ಇಂಧನ ಕಡಿಮೆಯಾದರೆ ಬಿಸಿ ಹೆಚ್ಚು. ಇನ್ನೊಂದು ತೊಂದರೆಯೂ ಇದೆ. ಈ ಎಂಜಿನ್‌ಗಳಲ್ಲಿ ಬಹುಪಾಲಿಗೆ ಸ್ಕೂಟರಿನಂತೆ ಪ್ರತ್ಯೇಕ ಎಣ್ಣೆಯ ತೊಟ್ಟಿ ಇರುವುದಿಲ್ಲ. ಇಂಧನದಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಭಾಗಗಳನ್ನು ಕಾಪಾಡಬೇಕು. ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಹಾಗಾಗಿ ಜಾಗ ಬದಲಾದಾಗ ಕಾರ್ಬ್ಯುರೇಟರಿನ ಸೂಜಿಯನ್ನು ಸ್ವಲ್ಪ ತೆರೆದು, ಇಂಧನ ಹೆಚ್ಚಿರುವ ಕಡೆಯಿಂದ ಹದ ಮಾಡುತ್ತ ಬನ್ನಿ. ಮೂತಿ ಮೇಲೆತ್ತಿ ಹಿಡಿದು ಪೂರ್ತಿ ವೇಗ ಕೊಟ್ಟಾಗ ಎಂಜಿನ್ ಕುಗ್ಗಿದರೆ ಇನ್ನೂ ಇಂಧನ ಬೇಕೆಂದು ಅರ್ಥ. ಈ ಪರೀಕ್ಷೆ ಮಾಡುವಾಗ ವಿಮಾನವನ್ನು ಗಟ್ಟಿಯಾಗಿ ಹಿಡಿಯಲು ಇನ್ನೊಬ್ಬರು ಇರಲೇಬೇಕು, ಇಬ್ಬರೂ ಪ್ರೊಪೆಲ್ಲರಿನ ಹಿಂದೆಯೇ ನಿಲ್ಲಬೇಕು.

ಕರಾವಳಿಯ ಉಪ್ಪುಗಾಳಿಯೂ ತೇವವೂ ಬೇರಿಂಗುಗಳಿಗೆ ಶತ್ರು. ಮೆಥನಾಲ್ ಇಂಧನ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಕೂಡ ಹಾಗೆಯೇ. ಹಾರಾಟ ಮುಗಿದ ಮೇಲೆ ತೊಟ್ಟಿಯಲ್ಲಿ ಇಂಧನ ಬಿಡಬೇಡಿ. ಮಳೆಗಾಲಕ್ಕೆ ಎತ್ತಿಡುವ ಮೊದಲು ಒಳಗೆ ರಕ್ಷಣೆಯ ಎಣ್ಣೆ ಬಿಟ್ಟು ಕೈಯಲ್ಲೇ ಕೆಲವು ಸುತ್ತು ತಿರುಗಿಸಿ.

ನಾಲ್ಕು ತಪ್ಪು ನಂಬಿಕೆಗಳು

‘ಫೋರ್‌ಸ್ಟ್ರೋಕ್ ಅಲ್ಲವೇ, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಿಲ್ಲ.’ ತಪ್ಪು. ರಸ್ತೆಯ ಬೈಕಿನ ಪಾಠವನ್ನು ಇಲ್ಲಿ ಬಳಸಿದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಹಾಳು. ತಯಾರಕರ ಕೈಪಿಡಿಯಲ್ಲಿ ಹೇಳಿದ ಪ್ರಮಾಣದಲ್ಲಿ ಎಣ್ಣೆ ಬೆರೆಸಲೇಬೇಕು.

‘ಒಂದು ಸಿಲಿಂಡರ್ ನಿಂತರೂ ಉಳಿದವು ಮನೆಗೆ ತಲುಪಿಸುತ್ತವೆ.’ ಪೂರ್ತಿ ನಿಜವಲ್ಲ. ಸಾಮಾನ್ಯವಾಗಿ ಎಲ್ಲ ಸಿಲಿಂಡರುಗಳಿಗೂ ತೊಟ್ಟಿ ಒಂದೇ, ಕಾರ್ಬ್ಯುರೇಟರ್ ಒಂದೇ. ಇಂಧನ ನಿಂತರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ. ಒಂದು ಪ್ಲಗ್ ಮಾತ್ರ ಕೆಟ್ಟರೆ ದೂರದಿಂದ ಸದ್ದಿನಲ್ಲಿ ಗೊತ್ತೇ ಆಗದಿರಬಹುದು, ಬಲ ಮಾತ್ರ ಇಳಿದಿರುತ್ತದೆ. ಹಾರಿಸುವ ಮೊದಲು ಎಂಜಿನ್ ಓಡಿಸಿ, ನಿಲ್ಲಿಸಿ, ಮುಟ್ಟದೆಯೇ ಬಿಸಿ ಅಳೆಯುವ ಥರ್ಮಾಮೀಟರಿನಿಂದ ಪ್ರತಿ ಸಿಲಿಂಡರನ್ನೂ ನೋಡಿ. ತಣ್ಣಗಿರುವುದು ಉರಿಯುತ್ತಿಲ್ಲ ಎಂದು ತಿಳಿಯಿರಿ.

‘ಸ್ಟಾರ್ಟ್ ಆಗದಿದ್ದರೆ ಸ್ಟಾರ್ಟರ್ ಒತ್ತಿ ಹಿಡಿಯಬೇಕು.’ ರೇಡಿಯಲ್ ಎಂಜಿನ್ನಿನಲ್ಲಿ ಇದು ದುಬಾರಿ ತಪ್ಪು. ನಿಲ್ಲಿಸಿಟ್ಟಾಗ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಇಳಿದು ತುಂಬಿಕೊಳ್ಳುತ್ತದೆ. ಗಾಳಿಯನ್ನು ಅದುಮಬಹುದು, ಎಣ್ಣೆಯನ್ನು ಅದುಮಲಾಗದು. ಬಲವಂತ ಮಾಡಿದರೆ ಒಳಗಿನ ಕೋಲು ಬಾಗುತ್ತದೆ. ಡಕೋಟಾದಂಥ ವಿಮಾನಗಳನ್ನು ಚಾಲೂ ಮಾಡುವ ಮೊದಲು ಸಿಬ್ಬಂದಿ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸುವುದು ಇದಕ್ಕಾಗಿಯೇ. ನೀವೂ ಇಗ್ನಿಷನ್ ಆಫ್ ಮಾಡಿ, ಕೆಳಗಿನ ಪ್ಲಗ್‌ಗಳನ್ನು ಬಿಚ್ಚಿ, ಕೈಯಲ್ಲಿ ನಿಧಾನವಾಗಿ ತಿರುಗಿಸಿ ಎಣ್ಣೆ ಹೊರಹಾಕಿ.

‘ಎಷ್ಟಾದರೂ ಆಟದ ವಿಮಾನ ತಾನೇ.’ ಇದು ನಾಲ್ಕರಲ್ಲೂ ಅಪಾಯಕಾರಿ ನಂಬಿಕೆ. 15 ಕೆ.ಜಿ.ಯ ಮಾದರಿ ಗಂಟೆಗೆ 90 ಕಿ.ಮೀ. ವೇಗದಲ್ಲಿ ಬಂದು ಬಡಿದರೆ ಆ ಪೆಟ್ಟಿನ ಶಕ್ತಿ, 15 ಮೀಟರ್ ಎತ್ತರದ ಮರದಿಂದ ಒಂದೂವರೆ ಕೆ.ಜಿ. ತೂಕದ ಸುಮಾರು 21 ತೆಂಗಿನಕಾಯಿಗಳು ಒಟ್ಟಿಗೆ ಬಿದ್ದಷ್ಟು. ಒಂದು ಕಾಯಿ ತಲೆಗೆ ಬಿದ್ದರೆ ಏನಾಗುತ್ತದೆಂದು ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಎಲ್ಲಿ ಹಾರಿಸಬೇಕು, ಎಲ್ಲಿ ಹಾರಿಸಬಾರದು?

ತ್ರಾಸಿ-ಮರವಂತೆಯ ಕಡಲತೀರ ನೋಡಿದರೆ ಯಾರಿಗಾದರೂ ವಿಮಾನ ಹಾರಿಸಬೇಕೆನಿಸುತ್ತದೆ. ಆದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ವಾಹನಗಳೂ ಪ್ರವಾಸಿಗರೂ ತುಂಬಿರುವ ಅಲ್ಲಿ ಬೇಡವೇ ಬೇಡ. ದೋಣಿ ಎಳೆಯುವ, ಬಲೆ ಒಣಗಿಸುವ ತೀರಗಳೂ ಬೇಡ. ಕೊಯ್ಲು ಮುಗಿದ ಬಯಲುಗದ್ದೆ ಸಿಕ್ಕರೆ, ಗದ್ದೆಯವರ ಒಪ್ಪಿಗೆ ಪಡೆದು, ಕಡಲಗಾಳಿ ಬಲಗೊಳ್ಳುವ ಮೊದಲು ಬೆಳಗಿನ ಹೊತ್ತಿನಲ್ಲಿ ಹಾರಿಸುವುದು ಉತ್ತಮ.

ಕಾನೂನನ್ನೂ ಮರೆಯುವಂತಿಲ್ಲ. ಕೇಂದ್ರ ಸರ್ಕಾರದ 2021ರ ಡ್ರೋನ್ ನಿಯಮಗಳ ಪ್ರಕಾರ ಮಾದರಿ ವಿಮಾನ ಎಂದರೆ ಒಟ್ಟು ತೂಕ 25 ಕೆ.ಜಿ. ಮೀರದ, ಕಲಿಕೆ, ಸಂಶೋಧನೆ ಅಥವಾ ಹವ್ಯಾಸಕ್ಕೆ ಮಾತ್ರ ಬಳಸುವ, ಕಣ್ಣಿಗೆ ಕಾಣುವ ಅಂತರದಲ್ಲೇ ಹಾರಿಸುವಂಥದ್ದು. ನೀವು ಆರಿಸಿದ ಜಾಗ ಹಸಿರು, ಹಳದಿ, ಕೆಂಪು ಈ ಮೂರರಲ್ಲಿ ಯಾವ ವಲಯದಲ್ಲಿದೆ ಎಂಬುದನ್ನು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ.

ಕೊನೆಯದಾಗಿ

ಹೆಚ್ಚು ಸಿಲಿಂಡರ್ ಎಂದರೆ ಹೆಚ್ಚು ಬಲವಲ್ಲ. ಅದರಿಂದ ಸಿಗುವುದು ಕಡಿಮೆ ನಡುಕ, ಒಳ್ಳೆಯ ಸದ್ದು, ಅಸಲಿ ವಿಮಾನದ ಚೆಂದ. ಅದಕ್ಕೆ ಕೊಡುವ ಬೆಲೆ ಹಣ, ತೂಕ ಮತ್ತು ಆರೈಕೆ. ಮೊದಲ ದೊಡ್ಡ ವಿಮಾನಕ್ಕೆ ಒಂದು ಸಿಲಿಂಡರಿನ ಎಂಜಿನ್ ಸಾಕು. ಅದನ್ನು ಹದಗೊಳಿಸಲು ಕಲಿತ ಮೇಲೆ ಎರಡರದ್ದು, ಆಮೇಲೆ ಬೇಕಿದ್ದರೆ ನಕ್ಷತ್ರದಂಥ ರೇಡಿಯಲ್. ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಭೇಟಿ ಕೊಡಿ. ಅಲ್ಲಿನ ಹಳೆಯ ಎಂಜಿನ್‌ಗಳ ಮುಂದೆ ನಿಂತು ಸಿಲಿಂಡರುಗಳನ್ನು ಎಣಿಸಿ ನೋಡಿ. ಪಕ್ಕದಲ್ಲಿ ನಿಂತ ಮಗು ‘ಇಷ್ಟೊಂದು ಯಾಕೆ?’ ಎಂದು ಕೇಳಿದರೆ ಹೇಳಲು ಈಗ ನಿಮ್ಮ ಬಳಿ ಉತ್ತರವಿದೆ.